ಮೂಲ್ಯಾಗಿನ ನಾಕು ಗುಂಟೆ

ಈ ದಾರಿ ಪಂಚಾಯ್ತಿದಲ್ಲ, ಸರ್ಕಾರದ್ದಲ್ಲ,
ನಕಾಶೆಯೊಳಗ ಗೆರಿಯೂ ಇಲ್ಲ;
ತೇರದಾಳದ ಕೆನಾಲಿಂದ ನಮ್ಮ ತೋಟದ ಹನ್ನೊಂದು ಮನಿತನಕ
ಎಲ್ಲಾರೂ ಮೊಳಾ ಮೊಳಾ ಬದು ಕಡದು ಬಿಟ್ಟದ್ದು.

ಮಳಿಗಾಲಕ್ಕ ಮೊದಲು ಕೂಡಿದಿವಿ, ಪಂಪಿನ ಮನಿ ಮುಂದ.
ಲೆಕ್ಕದ ವಹಿ ನನ್ನ ಕೈಯಾಗ.
ಗರಸು ನಲವತ್ತು ಟ್ರಿಪ್ಪು. ಪೈಪು ಎರಡು.
ಎಕರೆಗಿಷ್ಟೋ, ಮನಿಗಿಷ್ಟೋ?
ನೇಮಣ್ಣನ ದನಿ ಏರಿತು, ಚಹಾ ಆರಿತು.
"ಟ್ರ್ಯಾಕ್ಟರ್ ಇಲ್ಲದಾಂವ ನಾ ಯಾಕ ಕೊಡಲಿ?"
"ನಿನ್ನ ಹಾಲಿನ ಕ್ಯಾನು ಏನ್ ಹಾರಿ ಹೋಗ್ತಾವು?"

ದಸ್ತಗೀರ ಒಬ್ಬನ ತಿರುವಿನ ಮಾತೆತ್ತಿದ:
ಹಿಂದ ಎರಡು ಟ್ರೇಲರ್ ಕಬ್ಬು, ಮುಂದ ಆಳೆತ್ತರ ಕಬ್ಬು,
ಅತ್ಲಾಗಿಂದ ಸಾಲಿ ಹುಡುಗರ ಸೈಕಲ್ಲು.
"ಹಾರ್ನ್ ನಂಬಿ ಹೊಡಿತೀನ್ರಿ, ಕಣ್ಣು ನಂಬಿ ಅಲ್ಲ."

ಯಾರೂ ಮಾತಾಡಲಿಲ್ಲ. ಆ ಮೂಲಿ ಚಂಪವ್ವಂದು.
ಸೆರಗಿಗೆ ಕೈ ಒರಸಿಕೋತ ಅಂದ್ಲು:
"ಆ ನಾಕು ಗುಂಟೆದಾಗ ಈ ಸಲ ಕಬ್ಬು ಬ್ಯಾಡ,
ಉಳ್ಳಾಗಡ್ಡಿ ಹಚ್ತೀನಿ. ಮೊಣಕಾಲ ಮಟ್ಟ ಬೆಳಿತೈತಿ."

ನೇಮಣ್ಣ ಆರಿದ ಚಹಾ ಕುಡದ.
ಗರಸಿಗೆ ಖಾತೆ ಐತಿ, ಪೈಪಿಗೆ ಐತಿ,
ದಾರಿ ಕಾಣೂದಕ್ಕ ಯಾವ ಖಾತೆ?
ವಹಿ ಅಂಚಿನ್ಯಾಗ ಬರದೆ: ಚಂಪವ್ವ, ಉಳ್ಳಾಗಡ್ಡಿ.
ರೂಪಾಯಿ ಬರಿಯೂ ಜಾಗಾ ಹಂಗ ಬಿಟ್ಟೆ.