ಹಲ್ಲಿನ ಸಂದಿಗೆ

ಹಾಂಗ್‌ಕಾಂಗಿನಿಂದ ನಮ್ಮ ಹಾಸನದ ಗಾರ್ಮೆಂಟ್ಸಿಗೆ
ಗುಂಡಿ, ಜಿಪ್ಪು ಪರೀಕ್ಷಿಸಲು ಬಂದ ಫುಂಗಮ್ಮ
(ಅಮ್ಮ ನಾವು ಸೇರಿಸಿದ್ದು, ಅವರು ಬೇಡ ಅನ್ನಲಿಲ್ಲ)
ಟೀ ಬಿಡುವಿನ ಹತ್ತು ನಿಮಿಷದಲ್ಲಿ
ದಿನಕ್ಕೊಂದು ನುಡಿ ಕೊಡುತ್ತಿದ್ದರು.
ಅವರದು ಹರಕು ಇಂಗ್ಲಿಷು, ನನ್ನದು ಮುರುಕು.
ಬಂಡಲ್ ಚೀಟಿಯ ಹಿಂಬದಿಗೆ ಬರೆದುಕೊಳ್ಳುತ್ತಿದ್ದೆ,
ದನಿ ಏರಿದರೆ ಮೇಲಕ್ಕೊಂದು ಬಾಣ, ಇಳಿದರೆ ಕೆಳಕ್ಕೆ.

ಮೊದಲು ಕೇಳಿದವಳು ನಾನೇ.
ದುದ್ದದ ಬಸ್ಸು ಕೆಟ್ಟು, ನಾಲ್ಕನೇ ಲೈನು ಖಾಲಿ ಹೊಡೆದ ಬೆಳಿಗ್ಗೆ:
ಇದಕ್ಕೆ ನಿಮ್ಮಲ್ಲಿ ಏನಂತೀರಿ?
‘ಸಿಯು ಮಾವ್ ಸಾಮ್ ಸೇಯ್ ಜೆಕ್.’
ಮರಿಬೆಕ್ಕು, ಮೂರೋ ನಾಲ್ಕೋ.
ಹಸೀನಾ ಸೂಜಿಗೆ ದಾರ ಪೋಣಿಸುತ್ತಲೇ ಮಿಯಾಂವ್ ಅಂದಳು.
ಅವತ್ತು ಟಾರ್ಗೆಟ್ ಮುಟ್ಟಲಿಲ್ಲ.

ಬೆಂಕಿಹಕ್ಕಿಯ ಗರಿ, ಮಾಯಾಮೃಗದ ಕೊಂಬು, ಅಂದರೆ ಅಪರೂಪ.
ನಮ್ಮಲ್ಲಿ ಅತ್ತಿ ಹೂ, ಎಂದೆ.
ನೋಡಿದ್ದೀಯಾ?
ಇಲ್ಲ. ನೀವು ಆ ಹಕ್ಕಿಯನ್ನ?
ಟೀ ಆರಿತ್ತು, ಕುಡಿದೆವು.

‘ಮಾಯ್ ಸಿಯು ಕಿನ್ ಸಿಯು.’
ಒಂದು ಕೊಂಡರೆ, ಕಣ್ಣಿಗೆ ಬೀಳುವುದು ಇನ್ನೊಂದು ಕಮ್ಮಿ.
ಕೈಯಲ್ಲಿ ಕಾಜಾ ಹೊಲೆಯುವವರು
ಅವರ ಬೀದಿಯಲ್ಲಿ ಈಗ ಒಬ್ಬನೇ ಮುದುಕನಂತೆ.
ಅದಕ್ಕೆ ಜೋಡಿ ನನ್ನ ಬಳಿ ಇರಲಿಲ್ಲ.

‘ಮ್ ಕಾವ್ ಸಕ್ ಙಾ ಲಾ’, ಹಲ್ಲಿನ ಸಂದಿಗೂ ಸಾಲದು.
ಇತ್ತು! ರಾವಣನ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ!
ರಾವಣ ಯಾರು, ಅವನಿಗೆಷ್ಟು ತಲೆ ಎಂದು ತಿಳಿಸುವಷ್ಟರಲ್ಲಿ
ಬೆಲ್ ಹೊಡೆಯಿತು.

ನಿಮ್ಮ ಮಾತಿಗೆ ಏರಿಳಿತ ಇಲ್ಲವಾ, ಕೇಳಿದ್ದರು ಒಮ್ಮೆ.
ಹೇಗಂದರೂ ಅರ್ಥ ಅದೇ, ಎಂದಿದ್ದೆ, ಕೊಂಚ ಜಂಬದಲ್ಲೇ.

ಹೊರಡುವ ಹಿಂದಿನ ದಿನ ಕ್ಯಾಂಟೀನಿನಲ್ಲಿ
ತಟ್ಟೆ ಹಿಡಿದು ನಿಂತವರು ತಲೆ ಓರೆ ಮಾಡಿದರು:
‘ಸಾಕು’, ಅದು ಎರಡು ಪದ ಅಲ್ಲವಾ?
ಒಂದೇ.
ಇಲ್ಲ, ಸಾಲಿನ ಮುಂದಿದ್ದವರ ಸಾಕು ಬೇರೆ.
ಅದು ಹೊಟ್ಟೆಗಿಳಿಯುತ್ತೆ.
ಹಿಂದಿನವರದು ಗಂಟಲಲ್ಲೇ ನಿಲ್ಲುತ್ತೆ.

ತಿರುಗಿ ನೋಡಿದೆ.
ಆಲೂಗಡ್ಡೆ ಸಾರಿನ ಡಬರಿ ವಾಲಿಸಿಕೊಂಡು
ದೊಡ್ಡತಾಯಮ್ಮ ಸೌಟಿನಲ್ಲಿ ತಳ ಕೆರೆಯುತ್ತಿದ್ದಳು.
ಇನ್ನೂ ಆರು ಜನ ಇದ್ದೆವು.
ಹಸೀನಾ ತಟ್ಟೆಗೆ ಅಂಗೈ ಅಡ್ಡ ಹಿಡಿದು
ಸಾಕು, ಅಂದಳು.

ಚೀಟಿ ತೆಗೆದೆ. ಬಾಣ ಎತ್ತ ಎಳೆಯಬೇಕೋ ತಿಳಿಯಲಿಲ್ಲ.
ಅಷ್ಟರಲ್ಲಿ ನನ್ನ ಸರದಿ ಬಂತು.