ಜುಲೈ ಮೂವತ್ತೊಂದರೊಳಗೆ

ಗ್ರೀನ್ ಸ್ಟ್ರೀಟಿನಲ್ಲಿ ಎದುರುಬದುರು ಎರಡು ಅಂಗಡಿ.
ಇತ್ತ ಇನಾಸ್ ಗುದಿನೊನ ಪ್ಲೇಸ್ಟೇಶನ್,
ಅತ್ತ ವಿಠೋಬಾ ರಾಯ್ಕರರ ನಿಂಟೆಂಡೊ.
ಇಬ್ಬರ ಲೆಕ್ಕವನ್ನೂ ಬರೆಯುವವಳು ನಾನು,
ಸುಲಭಾ ತಳೇಕರ್, ಬಿಕಾಂ,
ಟೈಪಿಂಗ್ ಕ್ಲಾಸು ಮುಚ್ಚಿದ ಮೇಲೆ ಖಾಲಿಯಾದ ಮಹಡಿಕೋಣೆಯಲ್ಲಿ.

ಮಳೆ ಜೋರಾದರೆ ಫೋನು ಬರುತ್ತದೆ,
ಗಿರಾಕಿ ಇಲ್ಲದ ಹೊತ್ತು.
'ಬಾಯಿ, ನನ್ನದಿರಲಿ, ಅವನದೆಷ್ಟು?'
ಐದು ನಿಮಿಷ ಬಿಟ್ಟು ಇನ್ನೊಂದು ಫೋನು,
ಅದೇ ಮಾತು, ಬೇರೆ ಕೆಮ್ಮು.
'ನಿಮ್ಮಷ್ಟೇ' ಅನ್ನುತ್ತೇನೆ ಇಬ್ಬರಿಗೂ.
ಇಬ್ಬರೂ ನಂಬುವುದಿಲ್ಲ.

ಇನಾಸ್ ಮಾರಿದ್ದು ಅರವತ್ನಾಲ್ಕು ಪೆಟ್ಟಿಗೆ.
ಒಂದೊಂದಕ್ಕೂ ಮುನ್ನೂರೈವತ್ತು ಕೈಯಿಂದ ಹೋಗಿದೆ.
ನಾನು ಕೆಂಪು ಶಾಯಿಯಲ್ಲಿ ಗೀಟು ಎಳೆದರೆ ನಗುತ್ತಾನೆ:
'ಗಾಳಕ್ಕೆ ಸಿಗಡಿ ಸಿಕ್ಕಿಸುವವ
ಸಿಗಡಿಯ ಲೆಕ್ಕ ಇಡುತ್ತಾನೆಯೇ?'
ಮೀನು ಬರುವುದು ಆಮೇಲೆ:
ಡಿಸ್ಕು, ಎರಡನೆಯ ಕಂಟ್ರೋಲರು,
ಸಿಟ್ಟಿನಲ್ಲಿ ಗೋಡೆಗೆ ಎಸೆದ ಮೂರನೆಯದು,
ಹುಟ್ಟುಹಬ್ಬ, ರಜೆ, ನೇವಲ್ ಬೇಸಿನ ಮಕ್ಕಳು.
ಅದರಲ್ಲಿ ಒಂದು ಲಕ್ಷ ಮೂವತ್ತೊಂದು ಸಾವಿರ.

ರಾಯ್ಕರರು ಮಾರಿದ್ದು ಹತ್ತೊಂಬತ್ತೇ.
ಪ್ರತಿ ಪೆಟ್ಟಿಗೆಗೂ ಹದಿನೆಂಟುನೂರು ನಿಂತಿದೆ.
ಆಟದ ಬಿಲ್ಲೆಗಳ ಬೆಲೆ ಮೂರು ವರ್ಷವಾದರೂ ಇಳಿಸಿಲ್ಲ;
ಚಿನ್ನ ತೂಗಿದ ಮನೆತನ,
ಅರ್ಧ ಗುಂಜಿಯೂ ಆಚೆ ಹೋಗದು.
ಇವನದು ಬುಟ್ಟಿಗಟ್ಟಲೆ ಬಾಂಗಡೆ,
ಅವರದು ಎರಡೇ ತುಂಡು ಇಸ್ವಾಣ.

ಕೊನೆಯ ಗೀಟಿನ ಕೆಳಗೆ
ಇನಾಸನಿಗೆ ಉಳಿದದ್ದು ಹನ್ನೆರಡು ಸಾವಿರದ ಆರುನೂರು,
ರಾಯ್ಕರರಿಗೆ ತೊಂಬತ್ತೆರಡು ಸಾವಿರದ ಇನ್ನೂರು.
ಇಸ್ವಾಣ ಗೆದ್ದಿತು ಅನ್ನೋಣವೇ?
ಮತ್ತೊಮ್ಮೆ ನೋಡಿದೆ. ಇನಾಸನ ಖಾತೆಯಲ್ಲಿ
ತಿಂಗಳಿಗೆ ಎಂಟು ಸಾವಿರ ಬಾಡಿಗೆ.
ರಾಯ್ಕರರ ಪುಟದಲ್ಲಿ ಆ ಸಾಲೇ ಇಲ್ಲ.
ಗೆದ್ದದ್ದು ಜಪಾನಿನ ಯಾವ ಕಂಪನಿಯೂ ಅಲ್ಲ,
ಅಜ್ಜ ಕಟ್ಟಿಸಿದ ಚಿರೇಕಲ್ಲಿನ ನಾಲ್ಕು ಗೋಡೆ.
ಇದನ್ನು ಬರೆಯಲು ಫಾರಮ್ಮಿನಲ್ಲಿ ಜಾಗವಿಲ್ಲ.

ಜುಲೈ ಇಪ್ಪತ್ತೆಂಟು.
ರಿಟರ್ನ್ಸಿಗೂ ಮೂರು ದಿನ, ದೋಣಿ ಇಳಿಯಲೂ ಮೂರು ದಿನ.
ಪ್ಯಾನ್ ಕಾರ್ಡಿನ ಹೆಸರು ತಿದ್ದಿಸಬೇಕೆಂದು
ಚಂದ್ರಾವತಿ ತಾಂಡೇಲ್ ಬೈತಖೋಲಕ್ಕೆ ಕರೆದಿದ್ದಳು.

ಅವಳ ಬಲೆಕೋಣೆಯಲ್ಲಿ ಟೀವಿ.
ವಿಶಾಖಪಟ್ಟಣಕ್ಕೆ ವರ್ಗವಾದ ನೌಕಾಪಡೆಯವನ ಹೆಂಡತಿ
ಒಂಬತ್ತು ಸಾವಿರಕ್ಕೆ ಬಿಟ್ಟುಹೋದ ಹಳೇ ಪೆಟ್ಟಿಗೆ,
ಇನಾಸನ ಅಂಗಡಿಯ ಸ್ಟಿಕ್ಕರು ಅರ್ಧ ಕಿತ್ತಿದೆ.
ಅರ್ಧ ಗಂಟೆಗೆ ತಲೆಗೆ ಇಪ್ಪತ್ತು.
ಬಂದ್ ಇರುವ ಅರವತ್ತೊಂದು ದಿನವೂ
ಟ್ರಾಲರಿನ ಹುಡುಗರ ಸಾಲು, ಚಪ್ಪಲಿಗಳ ಗುಡ್ಡೆ.
ಒಬ್ಬ ರಸ್ತೆಯ ತಿರುವಿನಲ್ಲಿ ಕಾರು ಹೊರಳಿಸಲು
ಮೈಯೆಲ್ಲ ಬಲಕ್ಕೆ ವಾಲಿಸುತ್ತಾನೆ,
ಸುಕಾಣು ಹಿಡಿದವನಂತೆ,
ಅಲೆ ಯಾವ ಕಡೆಯಿಂದ ಬಂತೋ.

ಅಭ್ಯಾಸಬಲ, ನನ್ನ ತಲೆ ತಾನೇ ಗುಣಿಸಿತು.
ಕರೆಂಟು ಹೋದ ದಿನ ಕಳೆದರೂ ನಲವತ್ತು ಸಾವಿರ,
ಮೇಲೆ ಚಹಾ, ಶೇವು.
ಒಂದೇ ಪೆಟ್ಟಿಗೆ. ಅರವತ್ನಾಲ್ಕನ್ನು ನುಂಗಿ ನೀರು ಕುಡಿದಿದೆ.
'ಇದನ್ನೂ ಬರೆಯಬೇಕೇನೇ?' ಎಂದಳು.
ನಾನು ಪ್ಯಾನ್ ಕಾರ್ಡನ್ನೇ ನೋಡುತ್ತಿದ್ದೆ.
'ತಾಂಡೇಲದಲ್ಲಿ ಒಂದು ಅಕ್ಷರ ತಪ್ಪಿದೆ' ಎಂದೆ.

ಮಳೆ ನಿಲ್ಲಲಿಲ್ಲ. ಕಂಟ್ರೋಲರು ಕೈಗೆ ಬಂತು,
ಒಂದು ಗುಂಡಿ ಅಂಟು, ಒಣಮೀನಿನ ವಾಸನೆ.
ಅವಳ ಮೊಮ್ಮಗ, ಮೂರನೇ ಕ್ಲಾಸು,
ನನಗೆ ನಾಲ್ಕು ಗೋಲು ಹೊಡೆದ.
ಐವತ್ತರ ನೋಟು ಕೊಟ್ಟೆ.
ಚಿಲ್ಲರೆ ಇಲ್ಲವೆಂದು ಕಾಗದದಲ್ಲಿ ಒಣಸಿಗಡಿ ಸುತ್ತಿಕೊಟ್ಟಳು.

ಸೇತುವೆ ಇಳಿಯುವಾಗ ಫೋನು.
'ಬಾಯಿ, ನನ್ನದಿರಲಿ...'
ಯಾರೆಂದು ನೋಡದೆ ಹೇಳಿದೆ,
'ನಿಮ್ಮಷ್ಟೇ.'
ಚೀಲದಲ್ಲಿ ಎರಡೂ ಫೈಲುಗಳಿಗೆ
ಸಿಗಡಿಯ ವಾಸನೆ ಹತ್ತುತ್ತಿತ್ತು.