ಗುರುಗುಟ್ಟಲು ಬಿಡಿ

ಬ್ಯಾಲರಾಟ್‌ನಲ್ಲಿ ಜುಲೈ ಅಂದರೆ ಕೊರೆಯುವ ಚಳಿ.
ನಾಯಿಮನೆಯ ಹಿಂದೆ, ತಗಡಿನ ಶೆಡ್ಡಿನಲ್ಲಿ
ಬೆರಿಲ್ ಹಾಕಿಂಗ್ ಮೊದಲ ದಿನ ನನ್ನ ಕೈಗೆ ಕೊಟ್ಟದ್ದು
ನಾಯಿಯನ್ನಲ್ಲ, ಒಂದು ಕೋಳಿಯನ್ನು.
'ಇದಕ್ಕೆ ಕೆಂಪು ಬಿಲ್ಲೆ ಕುಟುಕಲು ಕಲಿಸು.
ಬೈದರೆ ಹಾರಿಹೋಗುತ್ತದೆ, ಹೊಡೆಯಲು ಕೈಗೇ ಸಿಗುವುದಿಲ್ಲ.
ಕೋಳಿಗೆ ನಿನ್ನ ಮುಲಾಜಿಲ್ಲ.'

ಮೂರು ವಾರ ಹಿಡಿಯಿತು.
ಕುಟುಕಿದ ಕ್ಷಣಕ್ಕೆ ಟಿಕ್, ಕೂಡಲೇ ಕಾಳು.
ಅರೆಕ್ಷಣ ತಡವಾದರೆ ಕೂಲಿ ಸಂದದ್ದು
ಕುಟುಕಿದ್ದಕ್ಕಲ್ಲ, ತಲೆ ಎತ್ತಿದ್ದಕ್ಕೆ.
ಒಂದು ಇಡೀ ದಿನ ಆ ಕೋಳಿ ನನ್ನನ್ನೇ ನೋಡುತ್ತಿತ್ತು,
ನಾನು ಕಲಿಸಿದ ಹಾಗೆಯೇ, ತಲೆ ಎತ್ತಿ.
ನಾಲ್ಕನೆಯ ವಾರ ನಾಯಿಗಳ ಹತ್ತಿರ ಬಿಟ್ಟರು,
ಸೊಂಟದ ಚೀಲದಲ್ಲಿ ಬೇಯಿಸಿದ ಕೋಳಿ ಚೂರು.
ಬೇರೆ ಕೋಳಿ. ಕೇಳಿ ಖಾತ್ರಿ ಮಾಡಿಕೊಂಡೆ.

ನಾನು ಮಹಾನಂದಾ, ಇಳಕಲ್ಲಿನವಳು,
ಇಲ್ಲಿ ಆಸ್ಪತ್ರೆಯ ಲಾಂಡ್ರಿಯಲ್ಲಿ ಹನ್ನೊಂದು ವರ್ಷ.
ಏಳನೆಯ ವಯಸ್ಸಿಗೆ ಮೀನಖಂಡ ಕಚ್ಚಿಸಿಕೊಂಡು
ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಚುಚ್ಚಿಸಿಕೊಂಡವಳು.
ಆ ನಾಯಿಯನ್ನು ಓಣಿಯವರು ಅಂದೇ ಕಲ್ಲಿನಲ್ಲಿ ಮುಗಿಸಿದರು.
ಯಾರೂ ಕೇಳಲಿಲ್ಲ, ಅದರ ಮರಿಯ ಮೇಲೆ
ಕಾಲಿಟ್ಟೆಯಾ ಎಂದು.
ಇಟ್ಟಿದ್ದೆ.

ನಮ್ಮ ಮಾತಿನಲ್ಲಿ ನಾಯಿಗೆ ಎರಡೇ ಪದ:
ಕರೆಯಲು ಕುರೋ ಕುರೋ, ಓಡಿಸಲು ಹಚಾ.
ನಡುವೆ ನಿಂತಿರು ಎನ್ನಲು ಒಂದೂ ಇಲ್ಲ.
ನಾನು ಕಲಿಯಲು ಬಂದದ್ದು ಆ ನಡುವಿನ ಜಾಗ:
ಪಕ್ಕಕ್ಕೆ ತಿರುಗಿ ಕೂರುವುದು, ಕಣ್ಣಲ್ಲಿ ಕಣ್ಣಿಡದಿರುವುದು,
ಕೈ ಚಾಚದೆ, ಸುಮ್ಮನೆ, ಬೇಕೆಂದೇ ಆಕಳಿಸುವುದು.

ಪಿಕಲ್ ಬಂದದ್ದು ಆಗಸ್ಟಿನಲ್ಲಿ. ಕೆಲ್ಪಿ ಬೆರಕೆ, ಒಂದು ಕಿವಿ ಹರಿದದ್ದು.
ಮನಸ್ಸಿನಲ್ಲೇ ಉಪ್ಪಿನಕಾಯಿ ಅಂದುಕೊಂಡೆ.
ಯಜಮಾನ ಕ್ಲೈವ್ ಟ್ರೆಲೋರ್, ಅಂಗೈಗೆ ಒಂಬತ್ತು ಹೊಲಿಗೆ:
'ಸೂಚನೆಯೇ ಕೊಡುವುದಿಲ್ಲ, ಒಮ್ಮೆಲೇ ಕಚ್ಚುತ್ತಾನೆ.'
ಬೆರಿಲ್ ಕೇಳಿದಳು, 'ಮೊದಲು ಗುರುಗುಟ್ಟುತ್ತಿದ್ದನೇ?'
'ಹ್ಞೂಂ. ಶಾಕ್ ಪಟ್ಟಿ ಕಟ್ಟಿ ಆ ಚಾಳಿ ಬಿಡಿಸಿದೆ.'
ಶೆಡ್ಡಿನಲ್ಲಿ ಯಾರೂ ಮಾತಾಡಲಿಲ್ಲ.
ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುತ್ತಾರೆ ನಮ್ಮೂರಲ್ಲಿ.
ಗಂಟಲು ಕಟ್ಟಿಸಿದ ನಾಯಿಗೆ ಯಾರೂ ಗಾದೆ ಕಟ್ಟಿಲ್ಲ.

ಕುಕ್ಕೆಯಿಂದ ಶುರುಮಾಡಿದೆ. ಹಂತಿಯಲ್ಲಿ
ಎತ್ತಿನ ಬಾಯಿಗೆ ಕಟ್ಟುವಂಥದ್ದೇ, ಇದು ರಬ್ಬರಿನದು.
ಒಳಗೆ ಕಡಲೆಬೀಜದ ಬೆಣ್ಣೆ ಸವರಿ
ಹಿಡಿದು ಕೂತೆ. ತೊಡಿಸಲಿಲ್ಲ.
ಹದಿನೇಳನೆಯ ದಿನ ಮೂತಿ ತಾನಾಗಿ ಒಳಗೆ ಬಂತು,
ನೆಕ್ಕಿತು, ಹೊರಗೆ ಹೋಯಿತು.
ಲಾಂಡ್ರಿಯ ಡೊರೀನ್‌ಗೆ ಹೇಳಿದೆ.
'ಅಷ್ಟೇನಾ?' ಅಂದಳು.

ಆಮೇಲೆ ದೂರದ ಲೆಕ್ಕ. ಗಂಡಸು, ಟೋಪಿ, ಕಸದ ಲಾರಿ,
ಇಪ್ಪತ್ತಾರು ಹೆಜ್ಜೆಯಾಚೆ ಕಂಡರೆ ಕೋಳಿ ಚೂರು.
ಇಪ್ಪತ್ತೈದಕ್ಕೆ ಬಾಲ ಕಲ್ಲಾಗುತ್ತಿತ್ತು.
ಹಿಂದೆ ಸರಿದೆವು. ಮತ್ತೆ ಹಿಂದೆ ಸರಿದೆವು.

ಎಲ್ಲರೂ ಉಳಿಯಲಿಲ್ಲ. ಡಚೆಸ್ ಎಂಬ ಮುದುಕಿಯನ್ನು
ಸೆಪ್ಟೆಂಬರಿನ ಒಂದು ಬುಧವಾರ ವೈದ್ಯರ ಬಳಿ ಒಯ್ದು
ಖಾಲಿ ಪಟ್ಟಿ ಹಿಡಿದು ಮರಳಿದೆವು.
ಬೆರಿಲ್ ತನ್ನ ಚಹಾಕ್ಕೆ ಎರಡೆರಡು ಸಲ ಸಕ್ಕರೆ ಹಾಕಿದಳು.

ನವೆಂಬರಿನಲ್ಲಿ ಕ್ಲೈವ್ ಬಂದ. ಖುಷಿಗೆ, ಪಾಪ,
ಹೇಳಿದ್ದು ಮರೆತು ನೇರ ತಲೆಯ ಮೇಲೆ ಕೈ ಚಾಚಿದ.
ಪಿಕಲ್ ಗಂಟಲಾಳದಲ್ಲಿ, ವರ್ಷದಿಂದ ನಿಂತ ರಾಟಿ
ಮೊದಲ ಸಲ ತಿರುಗಿದ ಹಾಗೆ,
ಗುರ್ ಅಂದ.
ಬೈಯಲು ಬಾಯಿ ತೆರೆದವನಿಗೆ ನಾನಂದೆ:
'ಥ್ಯಾಂಕ್ಸ್ ಹೇಳಿ.'
'ನಾಯಿಗಾ?'
'ನಾಯಿಗೇ. ಹೇಳಿ, ಕೈ ಹಿಂದೆ ತಗೊಳ್ಳಿ.'

ನಾಚಿಕೊಂಡೇ ಹೇಳಿದ. ಹೊಲಿಗೆಯ ಗುರುತಿದ್ದ ಕೈ
ಜೇಬಿನೊಳಗೆ ಇಳಿಯಿತು.
ಪಿಕಲ್ ಅವನನ್ನು ಬಹಳ ಹೊತ್ತು ನೋಡಿದ.
ನಾನು ಬಗ್ಗಿ ಮೀನಖಂಡ ತುರಿಸಿಕೊಂಡೆ.